ಗಣಕಯಂತ್ರದಲ್ಲಿ ಮನಸ್ಸು: ಒಡೆಯನಾರು?

ಮನುಷ್ಯನ ಮನಸ್ಸನ್ನು ಗಣಕಯಂತ್ರಕ್ಕೆ ಇಳಿಸಿ, ದೇಹವು ಅಳಿದ ಬಳಿಕವೂ ಅವನನ್ನು ಉಳಿಸಿಕೊಳ್ಳಬಹುದೆಂಬ ವಾದವೊಂದುಂಟು. ಪರಕಾಯ ಪ್ರವೇಶದ ಕಥೆಗಳನ್ನು ಬಲ್ಲ ನಮಗೆ ಇದು ತೀರ ಹೊಸತೆನಿಸದು. ಆದರೆ ಅಲ್ಲಿ ಜೀವವು ಒಂದು ದೇಹವನ್ನು ಬಿಟ್ಟು ಇನ್ನೊಂದನ್ನು ಹೊಗುತ್ತದೆ. ಇಲ್ಲಿ ಆಗುವುದು ನಕಲು. ಮೂಲವೂ ನಕಲೂ ಏಕಕಾಲದಲ್ಲಿ ಇರಬಹುದಾದರೆ ‘ನಾನು’ ಎಂಬುದು ಯಾವುದು?

ಸಾಧನೆಯೇನೋ ಇನ್ನೂ ದೂರದಲ್ಲಿದೆ. 302 ನರಕೋಶಗಳ ಒಂದು ದುಂಡುಹುಳುವಿನ ನರಜಾಲದ ನಕ್ಷೆ 1986ರಲ್ಲಿ ಪ್ರಕಟವಾಯಿತು. ಹಣ್ಣಿನ ನೊಣದ ಮಿದುಳಿನ, ಸುಮಾರು 1,40,000 ಕೋಶಗಳ ನಕ್ಷೆ ಹೊರಬಂದುದು 2024ರಲ್ಲಿ. ಮನುಷ್ಯನ ಮಿದುಳಿನಲ್ಲಿ ಇರುವುದು ಸುಮಾರು 8,600 ಕೋಟಿ.

ಹಾಗೆಂದು ನೈತಿಕ ಪ್ರಶ್ನೆಯನ್ನು ಮುಂದೂಡುವಂತಿಲ್ಲ. ಮನಸ್ಸಲ್ಲದಿದ್ದರೂ ಧ್ವನಿಯು ಆಗಲೇ ಯಂತ್ರವನ್ನು ಹೊಕ್ಕಿದೆ. 2021ರಲ್ಲಿ ನಿಧನರಾದ ಪುನೀತ್ ರಾಜ್‌ಕುಮಾರರ ‘ಜೇಮ್ಸ್’ ಚಿತ್ರವು 2022ರಲ್ಲಿ ಅಣ್ಣ ಶಿವರಾಜ್‌ಕುಮಾರರ ಕಂಠದಾನದೊಡನೆ ಬಂದಿತು. ಬಳಿಕ ತಂತ್ರಜ್ಞಾನದ ನೆರವಿನಿಂದ ಪುನೀತರದೇ ಧ್ವನಿಯನ್ನು ಅಳವಡಿಸಿದ ಪ್ರತಿಯೂ ತೆರೆಕಂಡಿತು. ಅದರ ಹಿಂದೆ ಅಭಿಮಾನವಿತ್ತು. ಅಭಿಮಾನವಿಲ್ಲದ ಕಡೆ, ಮೃತನಿಂದ ಅವನಾಡದ ಮಾತನ್ನು ಆಡಿಸುವವರನ್ನು ತಡೆಯುವವರಾರು?

ಮನಸ್ಸೇ ಯಂತ್ರಕ್ಕೆ ಬಂದರಂತೂ ತೊಡಕು ಇನ್ನೂ ಹಿರಿದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ರೈತರು ಇದನ್ನು ಪಹಣಿಯ ನಿದರ್ಶನದಿಂದಲೇ ಗ್ರಹಿಸಬಲ್ಲರು. ‘ಭೂಮಿ’ ಯೋಜನೆಯಿಂದ ನಾಡಿನ ಪಹಣಿಗಳು ಗಣಕವನ್ನು ಸೇರಿ ಎರಡು ದಶಕಗಳು ಮಿಕ್ಕಿವೆ. ತಂದೆ ತೀರಿಕೊಂಡರೂ ಪೌತಿ ಖಾತೆಯಾಗುವವರೆಗೆ ಅಲ್ಲಿ ಅವನ ಹೆಸರೇ ಉಳಿದಿರುತ್ತದೆ. ಆ ಹೆಸರು ಮಾತನಾಡದು. ಆದುದರಿಂದ ಮಕ್ಕಳು ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳುತ್ತಾರೆ. ಅದೇ ಹೆಸರು ಬಾಯಿ ತೆರೆದು ‘ನಾನಿನ್ನೂ ಇದ್ದೇನೆ, ಹೊಲ ನನ್ನದು’ ಎಂದರೆ ತಹಶೀಲ್ದಾರರು ಏನು ಮಾಡಬೇಕು? ಸತ್ತಿದ್ದಾನೆಂದರೆ ಎದುರು ಮಾತನಾಡುವವನನ್ನು ಅಲ್ಲಗಳೆದಂತೆ. ಬದುಕಿದ್ದಾನೆಂದರೆ ಮಕ್ಕಳಿಗೆ ಎಂದೆಂದಿಗೂ ಹೊಲವಿಲ್ಲ. (ಕಾಯಕ ದಾಸೋಹಗಳನ್ನು ನಂಬಿದವರು ಕಾಯವಿಲ್ಲದ ಆ ಬಾಳನ್ನು ಬಾಳೆಂದು ಒಪ್ಪುವುದೂ ಕಷ್ಟವೇ.)

ಆ ನಕಲಿಗೆ ನೋವಿನ ಅರಿವೂ ಇದ್ದರೆ, ಯಂತ್ರವನ್ನು ಆರಿಸುವುದು ಕೊಲೆಯೆನಿಸೀತು. ಯಂತ್ರವಾದರೋ ಯಾವುದೋ ಕಂಪನಿಯ ಸ್ವತ್ತು. ಶುಲ್ಕ ಕಟ್ಟುವವರಿಲ್ಲದ ದಿನ ಅವನ ಗತಿಯೇನು? ಒಂದನ್ನು ನೂರಾಗಿಸಿ ಸಂಬಳವಿಲ್ಲದ ಆಳುಗಳಂತೆ ದುಡಿಸಿಕೊಂಡರೆ ಕೇಳುವವರಾರು? 2023ರಲ್ಲಿ ಅಂಗೀಕೃತವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತನ್ನ ಮರಣಾನಂತರ ದತ್ತಾಂಶದ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವಿದೆ. ಆದರೆ ತಾನೇ ಮಾತನಾಡುವ, ಬೇಡವೆನ್ನಬಲ್ಲ ದತ್ತಾಂಶಕ್ಕೆ ಆ ನಾಮನಿರ್ದೇಶಿತನು ಒಡೆಯನೋ ಪೋಷಕನೋ ಎಂಬುದನ್ನು ಕಾಯ್ದೆ ಹೇಳುವುದಿಲ್ಲ.