ನಿದ್ದೆಯಲ್ಲಿ ಹಲ್ಲು ಕಡಿಯುವುದು: ಗುರುತಿಸುವುದು ಹೇಗೆ?



ಹಸು ಕೊಳ್ಳುವಾಗ ನಾವು ಬಾಯಿ ಬಿಡಿಸಿ, ಹಲ್ಲಿನ ಸವೆತ ನೋಡಿ ವಯಸ್ಸು ಅಂದಾಜು ಮಾಡುತ್ತೇವೆ. ನಮ್ಮ ಹಲ್ಲು ವಯಸ್ಸಿಗೆ ಮೀರಿ ಸವೆಯುತ್ತಿದ್ದರೆ ಮಾತ್ರ ಗಮನಿಸುವುದಿಲ್ಲ. ಇಂತಹ ಸವೆತಕ್ಕೆ ಒಂದು ಕಾರಣ ನಿದ್ದೆಯಲ್ಲಿ ಹಲ್ಲು ಕಡಿಯುವುದು. ವೈದ್ಯರು ಇದನ್ನು ಬ್ರಕ್ಸಿಸಂ ಎನ್ನುತ್ತಾರೆ. 1994ರಲ್ಲಿ ಪ್ರಕಟವಾದ ಕೆನಡಾ ದೇಶದ ಸಮೀಕ್ಷೆಯೊಂದರಲ್ಲಿ ನೂರಕ್ಕೆ 8 ಮಂದಿ ವಯಸ್ಕರು ತಮಗೆ ಈ ಅಭ್ಯಾಸವಿದೆ ಎಂದು ತಿಳಿಸಿದ್ದರು.

ಹಲ್ಲು ಕಡಿಯುವವರಿಗೆ ಅದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಆದ್ದರಿಂದ ಮನೆಯವರು ಈ ಲಕ್ಷಣಗಳನ್ನು ಗಮನಿಸಬೇಕು:

1. ರಾತ್ರಿ ಕರಕರ ಸದ್ದು. ಸದ್ದಿಲ್ಲದೆ ಹಲ್ಲು ಬಿಗಿಹಿಡಿಯುವವರೂ ಇದ್ದಾರೆ.
2. ಬೆಳಗಿನ ಜಾವ ಹಾಲು ಕರೆಯಲು ಎದ್ದಾಗ ದವಡೆ ಬಿಗಿತ, ಕಿವಿಯ ಮುಂದೆ ನೋವು, ಹಣೆಯ ಎರಡು ಬದಿಗಳಲ್ಲಿ ತಲೆನೋವು.
3. ಹಲ್ಲಿನ ತುದಿ ಚಪ್ಪಟೆಯಾಗುವುದು, ಚಕ್ಕೆ ಏಳುವುದು, ತಣ್ಣೀರು ತಗುಲಿದರೆ ಜುಮ್ಮೆನ್ನುವುದು.
4. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಗೆ ಬಿಳಿ ಗೆರೆ.

ಇವುಗಳಲ್ಲಿ ಒಂದೇ ಲಕ್ಷಣದಿಂದ ನಿರ್ಧರಿಸಬಾರದು. ಹುಳುಕು ಹಲ್ಲಿನಿಂದಲೂ ಜುಮ್ಮೆನ್ನಬಹುದು.

ಮಕ್ಕಳು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳು ಇದೆ ಎನ್ನುವುದು ಹಳ್ಳಿಗಳಲ್ಲಿ ವಾಡಿಕೆ. ಜಂತುಹುಳುವಿನ ಮಾತ್ರೆ ಕೊಡಿಸುವುದು ಒಳ್ಳೆಯದೇ. ಆದರೆ ಹಲ್ಲು ಕಡಿಯುವುದಕ್ಕೆ ಹುಳುವೇ ಕಾರಣ ಎಂದು ದೃಢಪಟ್ಟಿಲ್ಲ. ಹೆಚ್ಚಿನ ಮಕ್ಕಳಲ್ಲಿ ಶಾಶ್ವತ ಹಲ್ಲುಗಳು ಬಂದಂತೆ ಈ ಅಭ್ಯಾಸ ತಾನಾಗಿಯೇ ಕಡಿಮೆಯಾಗುತ್ತದೆ.

ದೊಡ್ಡವರಲ್ಲಿ ಚಿಂತೆ, ಬೀಡಿ-ಸಿಗರೇಟು, ಮದ್ಯ, ರಾತ್ರಿ ಹೊತ್ತು ಕುಡಿಯುವ ಕಾಫಿ ಇದನ್ನು ಹೆಚ್ಚಿಸಬಹುದು. ಜೋರಾಗಿ ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಂತಂತಾಗುವವರು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಾನಸಿಕ ಕಾಯಿಲೆಯ ಕೆಲವು ಔಷಧಿಗಳಿಂದಲೂ ಹೀಗಾಗುವುದುಂಟು. ಆದರೆ ವೈದ್ಯರನ್ನು ಕೇಳದೆ ಯಾವ ಔಷಧಿಯನ್ನೂ ನಿಲ್ಲಿಸಬಾರದು.

ಹಲ್ಲಿನ ಮೇಲಿನ ಗಟ್ಟಿ ಪದರ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಮುರಿದ ಹಲ್ಲಿಗೆ ಮಾಡಬೇಕಾದ ಖರ್ಚು ಹೆಚ್ಚು. ಮುಂಚಿತವಾಗಿ ದಂತವೈದ್ಯರ ಬಳಿ ಹೋದರೆ ರಾತ್ರಿ ಧರಿಸಲು ಹಲ್ಲಿನ ಅಳತೆಗೆ ತಕ್ಕ ಕವಚ ಮಾಡಿಕೊಡುತ್ತಾರೆ. ಇದು ಅಭ್ಯಾಸವನ್ನು ಪೂರ್ತಿ ಬಿಡಿಸದಿದ್ದರೂ ಹಲ್ಲನ್ನು ಕಾಪಾಡುತ್ತದೆ.

ಪದೇ ಪದೇ ತಲೆನೋವಿನ ಮಾತ್ರೆ ನುಂಗುವ ಮೊದಲು, ರಾತ್ರಿ ಹಲ್ಲು ಕಡಿಯುತ್ತೀರಾ ಎಂದು ಮನೆಯವರನ್ನೊಮ್ಮೆ ಕೇಳಿರಿ.