ರಾವಣನ ಒಳಮನಸ್ಸು

ಕಥೆಯನ್ನು ಖಳನ ಕಣ್ಣಿನಿಂದ ಹೇಳುವುದೆಂದರೆ ಅವನ ತಪ್ಪನ್ನು ಮುಚ್ಚುವುದಲ್ಲ, ಆ ತಪ್ಪು ಅವನಿಗೆ ಹೇಗೆ ಸರಿಯಾಗಿ ಕಂಡಿತು ಎಂಬುದನ್ನು ತೋರಿಸುವುದು. ಕನ್ನಡಕ್ಕೆ ಇದು ಹೊಸತೇನಲ್ಲ. 10ನೇ ಶತಮಾನದ ರನ್ನನ 'ಗದಾಯುದ್ಧ'ದಲ್ಲಿ ನಾಯಕ ಭೀಮ. ಆದರೂ ಓದುಗರ ಮನಸ್ಸಿನಲ್ಲಿ ಉಳಿಯುವವನು ರಣಭೂಮಿಯಲ್ಲಿ ದ್ರೋಣ, ಕರ್ಣ, ದುಶ್ಶಾಸನರ ಹೆಣಗಳ ಮುಂದೆ ನಿಂತು ಕರಗುವ ದುರ್ಯೋಧನ. ಅವನ ಛಲ ಮಾತ್ರ ಕರಗುವುದಿಲ್ಲ. ನಾಗಚಂದ್ರನ ಜೈನ ರಾಮಾಯಣದ ರಾವಣನೂ ದುಷ್ಟನಲ್ಲ, ಒಂದು ಮೋಹಕ್ಕೆ ಸಿಕ್ಕಿ ಕೆಟ್ಟ ವ್ರತನಿಷ್ಠ.

ಆದರೆ ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ರಾವಣ ಇನ್ನೂ ಹಳೆಯ ಖಳನೇ. ಜಟಾಯು ಅವನೊಡನೆ ಹೋರಾಡಿ ಬಿದ್ದದ್ದು ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಆ ಖಳನ ಒಳಮನಸ್ಸನ್ನು ವಿಸ್ತಾರವಾಗಿ ತೆರೆದದ್ದು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' (1949). ಇಲ್ಲಿ ರಾವಣ ಕನಸು ಕಾಣುತ್ತಾನೆ, ಪಶ್ಚಾತ್ತಾಪಪಡುತ್ತಾನೆ, ಆದರೂ ಯುದ್ಧ ಬಿಡಲಾರ. ಸೋಲೊಪ್ಪಿ ಸೀತೆಯನ್ನು ಹಿಂದಿರುಗಿಸುವುದು ಅವನ ಅಭಿಮಾನಕ್ಕೆ ಒಗ್ಗದು. ಒಳಗೆ ಬದಲಾದವನು ಹೊರಗೆ ಬದಲಾಗಲಾರದ ಈ ಇಕ್ಕಟ್ಟೇ ಪಾತ್ರದ ಜೀವ.

ಹೀಗೆ ಬರೆಯುವಾಗ ಎರಡು ಅಪಾಯಗಳಿವೆ: ಖಳನನ್ನು ಸಂತನಾಗಿಸುವುದು, ಇಲ್ಲವೇ ಅವನಿಂದ ನೊಂದವರನ್ನು ಮರೆಯುವುದು. ಎರಡನೆಯದೇ ಹೆಚ್ಚು ಕೆಟ್ಟದ್ದು. ಕುವೆಂಪು ಸೀತೆಯ ನೋವನ್ನು ಎಲ್ಲಿಯೂ ಕಡಿಮೆ ಮಾಡಲಿಲ್ಲ.