ಮಧ್ಯಸ್ಥಿಕೆಯೂ ಒಂದು ಕಾಯಕ

ಭೂಮಿಯ ಕ್ರಯವಿಕ್ರಯದಲ್ಲಿ ದಲ್ಲಾಳಿಯಾದವನಿಗೆ ಹಿಂದೆ ಊರವರ ಪರಿಚಯವೇ ಬಂಡವಾಳವಾಗಿತ್ತು. ಆಡಿದ ಮಾತೇ ಪತ್ರವಾಗಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹೊಲತೋಟಗಳ ನಡುವೆ ಬಡಾವಣೆಯ ಕಲ್ಲುಗಳು ನೆಟ್ಟಂತೆ, ಕೊಳ್ಳುವವರೂ ಮಾರುವವರೂ ಪರಸ್ಪರ ಅಪರಿಚಿತರಾದರು. ನಡುವೆ ನಿಂತವನ ಹೊಣೆ ಹೆಚ್ಚಿತು.

ಈ ಹೊಣೆಯನ್ನು 2016ರ ರಿಯಲ್ ಎಸ್ಟೇಟ್ ಅಧಿನಿಯಮವು ಕಾನೂನಿನ ಚೌಕಟ್ಟಿಗೆ ತಂದಿತು. 500 ಚದರ ಮೀಟರಿಗೂ ಮಿಗಿಲಾದ ಭೂಮಿಯಲ್ಲಿ ಬಡಾವಣೆ ರಚಿಸುವವರು ಪ್ರಾಧಿಕಾರದಲ್ಲಿ ಅದನ್ನು ನೋಂದಾಯಿಸಬೇಕು. ಅಂಥ ಬಡಾವಣೆಯ ನಿವೇಶನವನ್ನು ಮಾರಿಸಿಕೊಡುವ ದಲ್ಲಾಳಿಯೂ ನೋಂದಣಿ ಪಡೆಯತಕ್ಕದ್ದು. ಪ್ರತಿಯೊಂದು ಮಾರಾಟದಲ್ಲಿಯೂ ಆತನ ನೋಂದಣಿ ಸಂಖ್ಯೆ ನಮೂದಾಗಬೇಕು, ಲೆಕ್ಕಪುಸ್ತಕಗಳನ್ನು ಇಡಬೇಕು, ನೋಂದಣಿಯಿಲ್ಲದ ಬಡಾವಣೆಯ ವ್ಯವಹಾರಕ್ಕೆ ಕೈಹಾಕಬಾರದು. ತಪ್ಪಿದಲ್ಲಿ ದಿನಕ್ಕೆ 10,000 ರೂಪಾಯಿಯಂತೆ, ಸ್ವತ್ತಿನ ಮೌಲ್ಯದ ಶೇಕಡಾ 5ರವರೆಗೆ ದಂಡವುಂಟು.

ವಿದ್ಯಾರ್ಹತೆಯ ವಿಷಯದಲ್ಲಿ ಮಾತ್ರ ಅಧಿನಿಯಮವು ಯಾವ ಪದವಿಯನ್ನೂ ವಿಧಿಸಿಲ್ಲ. ನೆರೆಯ ಮಹಾರಾಷ್ಟ್ರವು 2023ರಲ್ಲಿ ದಲ್ಲಾಳಿಗಳಿಗೆ ತರಬೇತಿಯನ್ನೂ ಪರೀಕ್ಷೆಯನ್ನೂ ಕಡ್ಡಾಯಗೊಳಿಸಿತು. ಪದವಿ ಬೇಕಿಲ್ಲವೆಂದ ಮಾತ್ರಕ್ಕೆ ವಿದ್ಯೆ ಬೇಡವೆಂದಲ್ಲ. ಪಹಣಿಯಲ್ಲಿ ಯಾರ ಹೆಸರಿದೆ, ಭೂಪರಿವರ್ತನೆಯ ಆದೇಶವಾಗಿದೆಯೇ, ನಕ್ಷೆಗೆ ಅನುಮೋದನೆ ದೊರೆತಿದೆಯೇ, ಋಣಭಾರ ಪತ್ರದಲ್ಲಿ ಸಾಲದ ದಾಖಲೆಯಿದೆಯೇ ಎಂಬುದನ್ನು ಓದಿ ತಿಳಿಯದವನು ಇನ್ನೊಬ್ಬರಿಗೆ ದಾರಿ ತೋರಲಾರನು.

ನಿವೃತ್ತ ಶಿಕ್ಷಕನೊಬ್ಬನು ಜೀವಮಾನದ ಉಳಿತಾಯವನ್ನು ಒಂದು ನಿವೇಶನಕ್ಕೆ ಸುರಿಯುವಾಗ ಆತನು ನೆಚ್ಚುವುದು ಮಧ್ಯವರ್ತಿಯ ಮಾತನ್ನು. ನೋಂದಣಿ ಸಂಖ್ಯೆಯು ಆ ಮಾತಿಗೆ ವಿಳಾಸವನ್ನು ಕೊಡುತ್ತದೆ. ಸತ್ಯವನ್ನು ಕೊಡಬೇಕಾದವನು ಆಡುವವನೇ. ಓದಿದ ತರುಣರು ಈ ವೃತ್ತಿಯನ್ನು ಹಿಡಿಯುವುದರಲ್ಲಿ ಕೀಳರಿಮೆ ಬೇಕಿಲ್ಲ. ಕೊಂಡವನೂ ಮಾರಿದವನೂ ನೆಮ್ಮದಿಯಿಂದ ಮನೆಗೆ ಮರಳುವಂತಾದರೆ ಅದೂ ಕಾಯಕವೇ.